ನೂರ ಹನ್ನೆರಡರ ಕಲ್ಲು

ಹುಣಸೆ ಬಡಿಯುವ ಕಾಲ. ಬುಧವಾರ ಮಧ್ಯಾಹ್ನ ಉಂಡೆದ್ದು ಜಗಲಿಯ ಮೇಲೆ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದೆ. ಓಣಿಯ ಆ ಕಡೆಯಿಂದ ಹಾಲಮ್ಮ ಒಂದು ಕಾಗದ ಹಿಡಿದುಕೊಂಡು ಬಂದಳು. ಸುಡುವ ಬಿಸಿಲಲ್ಲಿ ಬರಿಗಾಲಲ್ಲಿ ಬರುತ್ತಿದ್ದಳು. ಚಪ್ಪಲಿ ಮೆಟ್ಟುವುದನ್ನೇ ಮರೆತಿದ್ದಾಳೆ ಎಂದರೆ ಸಂಗತಿ ಸಣ್ಣದಲ್ಲ ಎಂದುಕೊಂಡು ಮೊರವನ್ನು ಪಕ್ಕಕ್ಕೆ ಸರಿಸಿದೆ.

"ಓಬಜ್ಜಾ, ನಾಳೆ ಸಾಯಂಕಾಲ ಐದರೊಳಗೆ ನಾನು ತುದಿಯೂರಲ್ಲಿ ಇರ್ಬೇಕು," ಎಂದಳು.

"ನಾಳೆಯಾ?"

"ನಾಳೆ. ಈ ಕಾಗ್ದ ಬರೆದು ಹನ್ನೆರಡು ದಿನ ಆಗೈತೆ. ನನ್ ಕೈಗೆ ಬಂದಿದ್ದು ಈಗ."

ನನಗೆ ಅಂಕಿ ಬರುತ್ತದೆ, ಅಕ್ಷರ ಅಷ್ಟಾಗಿ ಬಾರದು. ಅವಳೇ ಓದಿ ಹೇಳಿದಳು. ತುದಿಯೂರಿನ ಸರ್ಕಾರಿ ಆಸ್ಪತ್ರೆಗೆ ಅವಳನ್ನು ಕಾಂಪೌಂಡರ್ ಆಗಿ ತೆಗೆದುಕೊಂಡಿದ್ದರು. ಗುರುವಾರ ಸಂಜೆ ಐದು ಗಂಟೆಯೊಳಗೆ ಬಂದು ಸಹಿ ಹಾಕಬೇಕು, ಬಾರದಿದ್ದರೆ ಪಟ್ಟಿಯಲ್ಲಿ ಮುಂದಿರುವವರಿಗೆ ಆ ಜಾಗ ಹೋಗುತ್ತದೆ ಎಂದು ಬರೆದಿತ್ತು. ಹಾಲಮ್ಮನಿಗೆ ಆಗ ಮೂವತ್ತಾರು ವರ್ಷ. ಗಂಡ ಇನ್ನೊಬ್ಬಳನ್ನು ಕಟ್ಟಿಕೊಂಡ ಮೇಲೆ ಅಣ್ಣ ಮರುಳಪ್ಪನ ಮನೆಗೆ ಬಂದು ಹನ್ನೊಂದು ವರ್ಷವಾಗಿತ್ತು. ಆ ಮನೆಯ ಒಂಬತ್ತು ಜನಕ್ಕೆ ರೊಟ್ಟಿ ತಟ್ಟಿ, ಮಧ್ಯಾಹ್ನ ನಮ್ಮೂರ ಆಸ್ಪತ್ರೆಯಲ್ಲಿ ಸೀಸೆ ತೊಳೆಯುತ್ತ ತೊಳೆಯುತ್ತ ಔಷಧಿಯ ಹೆಸರು ಕಲಿತವಳು. ಪರೀಕ್ಷೆ ಕಟ್ಟಿದ್ದು ಮೂರು ಸಲ. ಮೂರನೆಯದರಲ್ಲಿ ಪಾಸಾದಳು. ಮತ್ತೆ ಕಟ್ಟುವುದಕ್ಕೆ ವಯಸ್ಸು ದಾಟಿತ್ತು. ಹೀಗಾಗಿ ಈ ಕಾಗದ ಕೈ ಬಿಟ್ಟರೆ ಇಂಥ ಇನ್ನೊಂದು ಕಾಗದ ಬರುವುದಿರಲಿಲ್ಲ.

"ಮರುಳಪ್ಪ ಏನಂದ?"

"ತುದಿಯೂರಿಗೆ ಒಂದೇ ದಿನದಲ್ಲಿ ಹೋಗಿದ್ದು ನಾನಂತೂ ಕೇಳಿಲ್ಲ, ಸುಮ್ನೆ ಯಾಕೆ ಬಿಸ್ಲಲ್ಲಿ ಸಾಯ್ತೀಯ ಅಂದ. ಅತ್ತಿಗೆ ನಕ್ಕಳು. ಹೋಗೋದಾದ್ರೆ ನಾಳೆದೂ ರೊಟ್ಟಿ ಮಾಡಿಟ್ಟು ಹೋಗು ಅಂದಳು."

ಮರುಳಪ್ಪ ಹೇಳಿದ್ದು ಸುಳ್ಳಲ್ಲ. ತುದಿಯೂರು ನಮ್ಮೂರಿಂದ ನೂರ ತೊಂಬತ್ತು ಕಿಲೋಮೀಟರ್. ಒಳ್ಳೆಯ ಡಾಂಬರು ರಸ್ತೆ, ಗುಂಡಿ ಕಡಿಮೆ. ಆದರೆ ನಮ್ಮ ಹೆದ್ದಾರಿ ನಿಲ್ಲದವರನ್ನು ಮುಂದಕ್ಕೆ ಬಿಡುವುದಿಲ್ಲ. ಮೂವತ್ತು ಮೂವತ್ತೈದು ಕಿಲೋಮೀಟರಿಗೆ ಒಂದು ಸಲವಾದರೂ ಗಾಡಿ ನಿಲ್ಲಬೇಕು. ಗಾಡಿ ನಿಂತರೆ ಸಾಲದು, ಒಳಗೆ ಕೂತ ಪ್ರತಿಯೊಬ್ಬರೂ ಇಳಿದು ಮನಸ್ಸಿಟ್ಟು ನಿಲ್ಲಬೇಕು. ತಿನ್ನುವುದಾದರೆ ಹಸಿದು ತಿನ್ನಬೇಕು, ನೋಡುವುದಾದರೆ ನೋಡಬೇಕು ಅನ್ನಿಸಿ ನೋಡಬೇಕು. ಒಬ್ಬರು ತಪ್ಪಿದರೂ ಎಷ್ಟು ಓಡಿಸಿದರೂ ದಾಟಿದ ಮೈಲಿಗಲ್ಲೇ ಮತ್ತೆ ಎದುರಿಗೆ ಬರುತ್ತದೆ. ನಡೆದುಕೊಂಡು ಹೋಗುವವರಿಗೆ ಈ ಅಡ್ಡಿ ಇಲ್ಲ. ಹಿಂದಕ್ಕೆ ಬರುವವರಿಗೂ ಇಲ್ಲ. ಗಾಡಿಯಲ್ಲಿ ಹೋಗುವವರಿಗೆ ಮಾತ್ರ.

ಈ ದಾರಿಯ ಜೊತೆ ನಾವು ಬಾಳುವೆ ಮಾಡುವುದು ಕಲಿತಿದ್ದೇವೆ. ನಮ್ಮ ಕಡೆ ಹೆಣ್ಣು ನೋಡಲು ಬಂದವರು ಬೇರೇನು ಕೇಳುವ ಮೊದಲು ಹುಡುಗಿಗೆ ಎಲ್ಲೆಲ್ಲಿ ನಿಲ್ಲುವುದು ಇಷ್ಟ ಎಂದು ಕೇಳುತ್ತಾರೆ. ಬಸ್ಸಿನ ಕಂಡಕ್ಟರ್ ಟಿಕೆಟ್ ಹರಿಯುವಾಗಲೇ ಯಾರಿಗೆ ಏನು ಬೇಕೆಂದು ವಿಚಾರಿಸಿ ಜನರನ್ನು ಹೊಂದಿಸಿ ಹತ್ತಿಸುತ್ತಾನೆ. ಆದರೂ ಬಸ್ಸು ತುದಿಯೂರು ಮುಟ್ಟುವುದಕ್ಕೆ ಮೂರು ದಿನ ಹಿಡಿಯುತ್ತದೆ. ನಮ್ಮ ಶಾಲೆಯ ಹೆಡ್‌ಮಾಸ್ತರು ಒಂದು ಸಲ ಮಕ್ಕಳ ಪ್ರವಾಸ ಹೊರಡಿಸಿ, ಒಂದೊಂದು ಜಾಗಕ್ಕೆ ಹತ್ತು ನಿಮಿಷ ಎಂದು ಹಾಳೆಯ ಮೇಲೆ ಗೆರೆ ಹೊಡೆದು ಬರೆದುಕೊಂಡು, ಕೊರಳಿಗೆ ಸೀಟಿ ಹಾಕಿಕೊಂಡು ಹೋದರು. ಹದಿನೆಂಟರ ಕಲ್ಲನ್ನು ಹದಿನಾಲ್ಕು ಸಲ ನೋಡಿಕೊಂಡು ಸಂಜೆಗೆ ವಾಪಸು ಬಂದರು. ಮಕ್ಕಳೇನೋ ಮನಸ್ಸಿಟ್ಟೇ ನಿಂತಿದ್ದವಂತೆ. ಗಡಿಯಾರ ನೋಡುತ್ತಿದ್ದವರು ಮಾಸ್ತರು.

ಇಂಥ ಪ್ರಯಾಣ ಹೂಡುವವರು ನನ್ನ ಹತ್ತಿರ ಬರುವುದು ವಾಡಿಕೆ. ಮೂವತ್ತೊಂದು ವರ್ಷ ನಾನು ರಸ್ತೆ ಗ್ಯಾಂಗಿನಲ್ಲಿದ್ದೆ. ಗುಂಡಿ ಮುಚ್ಚುವುದು ಎಲ್ಲರ ಕೆಲಸ, ಕಲ್ಲಿಗೆ ಸುಣ್ಣ ಬಳಿದು ಅಂಕಿ ಬರೆಯುವುದು ನನ್ನ ಕೆಲಸ. ಯಾವ ಕಲ್ಲಿನ ಹತ್ತಿರ ಏನಿದೆ, ಎಲ್ಲಿ ನೀರು ಸಿಹಿ, ಎಲ್ಲಿ ಯಾವ ಹೊತ್ತಿಗೆ ಯಾರು ಏನು ಕರಿಯುತ್ತಾರೆ ಎಂಬುದು ನನ್ನ ನಾಲಿಗೆಯ ತುದಿಯಲ್ಲಿತ್ತು. ಜನ ಬಂದು ಕೇಳುತ್ತಿದ್ದರು, ನಾನು ಹೇಳುತ್ತಿದ್ದೆ, ಅವರು ಹೋಗಿ ಬರುತ್ತಿದ್ದರು. ಒಂದು ಮಾತನ್ನು ಮಾತ್ರ ನಾನು ಯಾರಿಗೂ ಹೇಳಿರಲಿಲ್ಲ. ನಮ್ಮ ಗ್ಯಾಂಗಿನ ಸರಹದ್ದು ನೂರ ಹನ್ನೆರಡರ ಕಲ್ಲಿಗೆ ಮುಗಿಯುತ್ತಿತ್ತು. ಆ ಕಲ್ಲಿಗೆ ಅಂಕಿ ಬರೆದು, ಕುಂಚ ತೊಳೆದು, ಹಿಂದಕ್ಕೆ ತಿರುಗುವುದು. ಮುಂದಿನದು ಬೇರೆ ಗ್ಯಾಂಗಿನವರದು. ಅಲ್ಲಿಂದಾಚೆಗೆ ನಾನು ಹೇಳುತ್ತಿದ್ದದ್ದೆಲ್ಲ ಲಾರಿಯವರಿಂದ ಕೇಳಿದ್ದು.

ಅವತ್ತು ಸಂಜೆ ಬುಡೇನ್ ಸಾಬನನ್ನು ಕರೆಸಿದೆ. ಐವತ್ತು ದಾಟಿದ ಆಸಾಮಿ, ಹಳೆಯ ಜೀಪು, ಅದಕ್ಕಿಂತ ಹಳೆಯ ಮಾತು. ಮೂವರೂ ಜಗಲಿಯ ಮೇಲೆ ಕೂತೆವು. ಹಾಲಮ್ಮ ಕಾಗದದ ಹಿಂಬದಿಯಲ್ಲಿ ಬರೆದುಕೊಳ್ಳುತ್ತ ಹೋದಳು.

"ಹದಿನೆಂಟರ ಕಲ್ಲಲ್ಲಿ ಮಂಡಕ್ಕಿ ಒಗ್ಗರಣೆ, ಮೆಣಸಿನಕಾಯಿ," ಎಂದೆ. "ಊರಲ್ಲಿ ಯಾರೂ ಏನೂ ತಿನ್ನಂಗಿಲ್ಲ. ಹಸಿದು ಹೋಗ್ಬೇಕು."

"ನಾನು ಚಾ ಕುಡೀದೆ ಗೇರ್ ಹಾಕಲ್ಲ, ಅಜ್ಜಾ," ಎಂದ ಬುಡೇನ್ ಸಾಬ್.

"ಚಾ ಕುಡಿ. ಅದರ ಜೊತೆ ಹೆಂಡ್ತಿ ಕೊಡೋ ಬಿಸ್ಕತ್ತು ಮುಟ್ಟಬ್ಯಾಡ."

"ಆಕೆ ಬಿಸ್ಕತ್ತು ಕೊಡ್ತಾಳೆ ಅಂತ ನಿನಗ್ಯಾರು ಹೇಳಿದ್ರು? ಬೈಗುಳ ಕೊಡ್ತಾಳೆ. ಅದಕ್ಕೆ ಹೊಟ್ಟೆ ತುಂಬಲ್ಲ."

ನಲವತ್ತಾರರ ಕಲ್ಲಲ್ಲಿ ಮೆಟ್ಟಿಲ ಬಾವಿ. ಎಪ್ಪತ್ತೊಂಬತ್ತರಲ್ಲಿ ಕಲ್ಲುಕುಟಿಗರು. ನೂರ ಹನ್ನೆರಡರಲ್ಲಿ ಕೂಗುವ ಬಂಡೆ. ಆಮೇಲೆ ನೂರ ನಲವತ್ತರಲ್ಲಿ ಘಟ್ಟದ ತಿರುವಿನ ಹಲಸಿನ ತೋಪು, ನೂರ ಅರವತ್ತೇಳರಲ್ಲಿ ಹೊಳೆ ದಾಟಿಸುವ ತೆಪ್ಪದವರ ಕಡವು. ಒಟ್ಟು ಆರು. ಕಡೆಯ ಎರಡನ್ನು ಹೇಳುವಾಗ ನನ್ನ ದನಿ ಎಲ್ಲಿಯೂ ಅಳುಕಲಿಲ್ಲ. ಎಷ್ಟೋ ಸಲ ಹೇಳಿ ಹೇಳಿ ಅವು ನಾನೇ ಕಂಡ ಜಾಗಗಳಂತೆ ಆಗಿಹೋಗಿದ್ದವು.

"ಅಜ್ಜಾ, ನೀನೂ ಬಾ," ಎಂದಳು ಹಾಲಮ್ಮ. "ನೀನಿದ್ರೆ ಧೈರ್ಯ."

ನಾನು ಕೂಡಲೇ ಒಪ್ಪಿಕೊಂಡೆ. ಅವಳ ಧೈರ್ಯಕ್ಕೆ ಎಂದು ಒಪ್ಪಿದೆನೋ, ನೂರ ಹದಿಮೂರರ ಕಲ್ಲು ನೋಡುವ ಆಸೆಗೆ ಒಪ್ಪಿದೆನೋ, ಆಗ ವಿಚಾರ ಮಾಡಲಿಲ್ಲ.

ಬೆಳಿಗ್ಗೆ ಐದೂವರೆಗೆ ಹೊರಟೆವು. ಹಾಲಮ್ಮ ಒಂದು ತಗಡಿನ ಪೆಟ್ಟಿಗೆ ತಂದಿದ್ದಳು. ಮರುಳಪ್ಪ ಬಾಗಿಲಿಗೆ ಬಂದು ನಿಂತಿದ್ದ, ಅತ್ತಿಗೆ ಎದ್ದಿರಲಿಲ್ಲ. ರೊಟ್ಟಿ ಮಾಡಿಟ್ಟೆಯಾ ಎಂದು ನಾನು ಕೇಳಿದ್ದಕ್ಕೆ ಹಾಲಮ್ಮ, "ಹಿಟ್ಟು ಎಲ್ಲೈತೆ ಅಂತ ತೋರ್ಸಿ ಬಂದೀನಿ," ಎಂದಳು. ಬುಡೇನ್ ಸಾಬ್ ಹತ್ತು ಕಿಲೋಮೀಟರ್ ದೂರ ಅದನ್ನೇ ನೆನೆದು ನೆನೆದು ನಕ್ಕ.

ಹದಿನೆಂಟರ ಕಲ್ಲಿನ ಹತ್ತಿರ ಮೆಣಸಿನಕಾಯಿ ಕರಿಯುವ ಹೆಂಗಸಿನದು ಒಂದು ಪದ್ಧತಿ. ಗಿರಾಕಿಯ ಮುಖ ನೋಡಿ ಖಾರ ಎಷ್ಟಿರಬೇಕೆಂದು ತಾನೇ ತೀರ್ಮಾನ ಮಾಡುತ್ತಾಳೆ. ಕೇಳಿದರೆ ಕೊಡುವುದಿಲ್ಲ. ಹಾಲಮ್ಮನ ಮುಖವನ್ನು ಒಂದು ಗಳಿಗೆ ನೋಡಿ, ಬುಟ್ಟಿಯಲ್ಲಿದ್ದ ಎಲ್ಲಕ್ಕಿಂತ ಖಾರದ ಎರಡು ಕಾಯಿ ತೆಗೆದು ಹಿಟ್ಟಿಗೆ ಅದ್ದಿದಳು. ಹಾಲಮ್ಮ ತಿಂದಳು, ಕಣ್ಣಲ್ಲಿ ನೀರು ಸುರಿಯುತ್ತಿದ್ದರೂ ಮೂರನೆಯದು ಬೇಕೆಂದಳು. ನನಗೆ ಬಂದದ್ದು ಸಪ್ಪೆ. "ವಯಸ್ಸಿಗೆ ಅಷ್ಟು ಸಾಕು," ಎಂದಳು ಆ ಹೆಂಗಸು. ಮೂವರಿಗೂ ಹಸಿವಿತ್ತು. ಜೀಪು ಹತ್ತಿದ ಮೇಲೆ ಹತ್ತೊಂಬತ್ತರ ಕಲ್ಲು ತಾನಾಗಿಯೇ ಬಂತು.

ಬಾವಿಯ ಹತ್ತಿರ ಒಬ್ಬ ಮುದುಕ ಗಂಟು ಹಾಕಿದ ಹಗ್ಗ ಇಳಿಬಿಟ್ಟು ದಿನಾ ನೀರು ಅಳೆಯುತ್ತಾನೆ. ಯಾರೂ ಅವನಿಗೆ ಹೇಳಿಲ್ಲ, ಅವನೂ ಯಾರಿಗೂ ವರದಿ ಮಾಡುವುದಿಲ್ಲ. ಮುಳುಗಿರುವ ಮೆಟ್ಟಿಲು ಎಷ್ಟು ಎಂದು ಹಾಲಮ್ಮ ಕೇಳಿದಳು. "ನಾನು ಹುಟ್ಟಿದಾಗಿಂದ ನಲವತ್ತೊಂದು ಮೆಟ್ಟಿಲು ಕಂಡಿದೀನಿ, ತಾಯಿ. ಅದರ ಕೆಳಗೆ ಇನ್ನೂ ಇರೋದನ್ನ ಬೆರಳಿನ ಲೆಕ್ಕದಲ್ಲಿ ಹೇಳಕ್ಕಾಗಲ್ಲ," ಎಂದ. ಅವಳು ಮೆಟ್ಟಿಲಿಳಿದು ನೀರಿನ ಅಂಚಿಗೆ ಹೋಗಿ, ಕಾಲು ನೀರಿಗಿಟ್ಟು, ಮುಳುಗಿದ ಮೆಟ್ಟಿಲನ್ನು ಹೆಬ್ಬೆರಳಲ್ಲಿ ತಡಕಿದಳು. ಬುಡೇನ್ ಸಾಬ್ ಹಗ್ಗ ಹಿಡಿದು ತಾನೂ ಒಂದು ಸಲ ಅಳೆದು, ಮುದುಕನ ಲೆಕ್ಕ ಒಂದು ಗಂಟು ತಪ್ಪಾಗಿದೆ ಎಂದು ವಾದಕ್ಕೆ ನಿಂತ. ಅವರಿಬ್ಬರನ್ನು ಬಿಡಿಸಿಕೊಂಡು ಬರುವಷ್ಟರಲ್ಲಿ ಒಂಬತ್ತೂವರೆಯಾಗಿತ್ತು.

ಕಲ್ಲುಕುಟಿಗರಲ್ಲಿ ಯಲ್ಲಪ್ಪ ಎಂಬವನು ನನ್ನ ಹಳೆಯ ಸ್ನೇಹಿತ. ನಾಲ್ಕು ವರ್ಷದ ಮೇಲೆ ಕಂಡೆವು. ಅವನಿಗೆ ಒಂದು ಕಣ್ಣು ಮಂಜಾಗಿತ್ತು, ನನ್ನನ್ನು ದನಿಯಲ್ಲೇ ಗುರುತು ಹಿಡಿದ. ಹಾಲಮ್ಮನ ಕೈಗೆ ಸುತ್ತಿಗೆ ಕೊಟ್ಟು ಎರಡು ಕಲ್ಲು ತೋರಿಸಿ, "ಬಡಿದು ಕೇಳವ್ವ. ಯಾವುದು ಒರಳಾಗ್ತೈತೆ, ಯಾವುದು ನಡುವೆ ಸೀಳ್ತೈತೆ, ನೀನೇ ಹೇಳು," ಎಂದ. ಅವಳು ಎರಡನ್ನೂ ಬಡಿದಳು, ಕಿವಿಯಿಟ್ಟು ಮತ್ತೆ ಬಡಿದಳು. ಎರಡನೆಯದು ಸೀಳುತ್ತದೆ ಎಂದಳು. ಯಲ್ಲಪ್ಪ ನನ್ನ ಕಡೆ ತಿರುಗಿ, "ಈಕೆನ ಇಲ್ಲೇ ಬಿಟ್ಟು ಹೋಗು," ಎಂದ. ಬುಡೇನ್ ಸಾಬ್ ಚಕ್ರಕ್ಕೆ ಅಡ್ಡ ಇಡಲು ಒಂದು ಒಳ್ಳೆಯ ಕಲ್ಲು ಆರಿಸಿಕೊಂಡು, ಅದನ್ನು ಎದೆಗವಚಿಕೊಂಡು ಬಂದ.

ಹನ್ನೆರಡೂ ಕಾಲಿಗೆ ನೂರ ಹನ್ನೆರಡರ ಕಲ್ಲು ಬಂತು. ನನ್ನ ಕೈಬರಹ ಅಲ್ಲಿ ಇನ್ನೂ ಇತ್ತು. ನಾನು ಕೆಲಸ ಬಿಟ್ಟ ಮೇಲೆ ಬಂದವನು ನನ್ನ ಅಂಕಿಯ ಮೇಲೇ ತಿದ್ದಿಕೊಂಡು ಹೋಗುತ್ತಿದ್ದಾನೆ ಎಂದು ಕಾಣುತ್ತದೆ. ರಸ್ತೆಯಿಂದ ಒಂದು ಕೂಗಳತೆಯಲ್ಲಿ ಬಂಡೆ. ನಾವು ಒಂದು ಮಾತು ಕೂಗಿದರೆ ಅದು ಕಡೆಯ ಅಕ್ಷರವನ್ನು ಮಾತ್ರ ವಾಪಸು ಕೊಡುತ್ತದೆ, ಅದೂ ನಿಧಾನವಾಗಿ, ಯೋಚನೆ ಮಾಡಿ ಕೊಟ್ಟ ಹಾಗೆ. ಹಾಲಮ್ಮ ಮೊದಲು ನಾಚಿದಳು. ಆಮೇಲೆ ಔಷಧಿಯ ಹೆಸರುಗಳನ್ನು ಒಂದೊಂದಾಗಿ ಕೂಗಿ, ಬಂಡೆ ಏನು ಹೇಳುತ್ತದೆ ಎಂದು ಕೇಳಿ ನಕ್ಕಳು. ಬುಡೇನ್ ಸಾಬ್ ಹೆಂಡತಿಯ ಹೆಸರು ಕೂಗಿ, ಉತ್ತರ ಬರುವ ಮೊದಲೇ ಕಿವಿ ಮುಚ್ಚಿಕೊಂಡ. ಇಪ್ಪತ್ತು ನಿಮಿಷ ನಿಂತು ಹೊರಟೆವು.

ನಾನು ಜೀಪಿನ ಮುಂದಿನ ಕಂಬಿ ಹಿಡಿದು ಬಗ್ಗಿ ಕೂತೆ. ಎದುರಿಗೆ ಒಂದು ತಿರುವು. ತಿರುವು ದಾಟಿದರೆ ನೂರ ಹದಿಮೂರು. ತಿರುವು ದಾಟಿತು, ಕಲ್ಲು ಕಂಡಿತು. ನೂರ ಹನ್ನೆರಡು.

ಬುಡೇನ್ ಸಾಬ್ ಜೀಪು ನಿಲ್ಲಿಸದೆ ಇನ್ನೊಂದು ಸಲ ಹೋದ. ಮತ್ತೆ ನನ್ನದೇ ಕೈಬರಹ, ಅದೇ ಬಂಡೆ.

"ಯಾರೋ ಒಬ್ರು ನಿಂತಿಲ್ಲ," ಎಂದ ಅವನು.

"ನಾನೇ ಇರ್ಬೇಕು," ಎಂದಳು ಹಾಲಮ್ಮ. "ಕೂಗೋವಾಗ ಒಂದ್ಸಲ ಐದು ಗಂಟೆ ನೆನಪಾಯ್ತು."

ಇಳಿದೆವು. ಅವಳು ಮತ್ತೆ ಬಂಡೆಯ ಮುಂದೆ ನಿಂತಳು. ಮನಸ್ಸಿಡಬೇಕೆಂದು ಪ್ರಯತ್ನ ಮಾಡಿದರೆ ಮನಸ್ಸು ನಿಲ್ಲುತ್ತದೆಯೇ? ಕೂಗುತ್ತಿದ್ದರೂ ಅವಳ ಕೈಬೆರಳು ಸೆರಗಿನ ಅಂಚನ್ನು ಸುತ್ತುತ್ತಿತ್ತು, ಬಿಚ್ಚುತ್ತಿತ್ತು. ಬುಡೇನ್ ಸಾಬ್ ಬಂಡೆಯ ಸುತ್ತ ಒಂದು ಸುತ್ತು ಹಾಕಿ ಬಂದು, ಹಿಂದುಗಡೆ ಉಡ ಇದೆ ಎಂದು ಅವಳನ್ನು ಕರೆದೊಯ್ದು ತೋರಿಸಿದ. ಮತ್ತೆ ಹೊರಟೆವು. ಮತ್ತೆ ನೂರ ಹನ್ನೆರಡು. ಗಂಟೆ ಒಂದೂವರೆಯಾಗಿತ್ತು.

ಹಾಲಮ್ಮ ಪೆಟ್ಟಿಗೆಯ ಮೇಲೆ ಕೈಯಿಟ್ಟು ಕೂತಿದ್ದಳು. "ಅತ್ತಿಗೆ ಹಿಟ್ಟು ನಾದಿಕೊಳ್ಳದೆ ಕಾಯ್ತಿರ್ತಾಳೆ," ಎಂದಳು. ಆ ಮಾತು ಕೇಳಿದ ಮೇಲೆ ನನಗೆ ಸುಮ್ಮನೆ ಕೂತಿರಲು ಆಗಲಿಲ್ಲ. ಹಿಂದಿನ ಮೂರು ನಿಲುಗಡೆಯನ್ನೂ ಮನಸ್ಸಿನಲ್ಲಿ ತಿರುವಿ ನೋಡಿದೆ. ಹದಿನೆಂಟರಲ್ಲಿ ನನಗೆ ಹಸಿವಾಗಿತ್ತು. ಬಾವಿಯ ಹತ್ತಿರ ಆ ಜಗಳ ನನಗೂ ರುಚಿಯಾಗಿತ್ತು. ಯಲ್ಲಪ್ಪನ ಮಂಜಾದ ಕಣ್ಣು ನೋಡುತ್ತ ಬೇರೆಲ್ಲ ಮರೆತಿದ್ದೆ. ಇಲ್ಲಿ? ಇಲ್ಲಿ ಅವರಿಬ್ಬರೂ ಕೂಗುತ್ತಿದ್ದಾಗ ನಾನು ಬಂಡೆಗೆ ಬೆನ್ನು ಹಾಕಿ ನಿಂತಿದ್ದೆ. ಮೂವತ್ತೊಂದು ವರ್ಷ ಕೇಳಿದ ಬಂಡೆ, ಅದರಲ್ಲಿ ನನಗೇನು ಉಳಿದಿತ್ತು? ನನ್ನ ಕಣ್ಣು ಅಷ್ಟು ಹೊತ್ತೂ ಆ ತಿರುವಿನ ಮೇಲಿತ್ತು.

"ಬುಡೇನಾ, ಗಾಡಿ ನಿಲ್ಲಿಸು," ಎಂದೆ. "ಅದು ಹಾಲಮ್ಮ ಅಲ್ಲ. ನಾನು."

"ನೀನಾ? ದಾರಿಯೆಲ್ಲ ನಿಂದೇ ಅಂತಿದ್ದೆ."

"ಅದಕ್ಕೇ."

ನಾನೂ ಒಂದು ಸಲ ಪ್ರಯತ್ನ ಮಾಡಿದೆ. ಬಂಡೆಯ ಎದುರಿಗೆ ನಿಂತು ನನ್ನ ಹೆಸರು ಕೂಗಿದೆ, ಸತ್ತ ನನ್ನ ಹೆಂಡತಿಯ ಹೆಸರು ಕೂಗಿದೆ. ಬಂಡೆ ಕೊಟ್ಟದ್ದನ್ನು ಕೇಳಿಸಿಕೊಂಡೆ. ಎಲ್ಲ ಗೊತ್ತಿದ್ದದ್ದೇ. ಕಿವಿ ಅಲ್ಲಿದ್ದರೂ ಮನಸ್ಸು ಮಾತ್ರ ತಿರುವಿನಾಚೆ ಹೋಗಿ ಕೂತಿತ್ತು, ಎಳೆದರೂ ಬರಲಿಲ್ಲ. ಮತ್ತೆ ಹೊರಟರೆ ಮತ್ತೆ ಇದೇ ಕಲ್ಲು ಎಂದು ನನಗೆ ಸ್ಪಷ್ಟವಾಯಿತು. ಪಂಚೆ ಕೊಡವಿಕೊಂಡು ಹೋಗಿ ಕಲ್ಲಿನ ಪಕ್ಕ ಕೂತೆ.

"ನೀವಿಬ್ರೂ ಹೋಗಿ," ಎಂದೆ.

ಹಾಲಮ್ಮ ಜೀಪಿನಿಂದ ಇಳಿದೇಬಿಟ್ಟಳು. "ನಿನ್ನ ಈ ಬಿಸ್ಲಲ್ಲಿ ಬಿಟ್ಟು ಹೋಗಿ ನಾನು ಯಾರಿಗೆ ಔಷಧಿ ಕೊಡ್ಲಿ? ಆಗಲ್ಲ. ವಾಪಸ್ ಹೋಗೋಣ."

"ವಾಪಸ್ ಹೋಗೋದು ಸುಲಭ. ಅದಕ್ಕೇ ಬ್ಯಾಡ."

"ನೀನಿಲ್ದೆ ಮುಂದೆ ಎಲ್ಲಿ ನಿಲ್ಲೋದು ಅಂತ ನಂಗೇನು ಗೊತ್ತು?"

ಆಗ ಹೇಳಬೇಕಾಯಿತು. "ನಂಗೂ ಗೊತ್ತಿಲ್ಲ ಕಣವ್ವ. ಈ ಕಲ್ಲಿಂದ ಆಚೆಗೆ ನಾನು ಒಂದು ಹೆಜ್ಜೆ ಇಟ್ಟಿಲ್ಲ. ಹಲಸಿನ ತೋಪು, ಕಡವು, ಎಲ್ಲಾ ಯಾರೋ ಹೇಳಿದ್ದು. ಅವರಿಗೆ ಚಂದ ಕಂಡಿರ್ಬೋದು. ನಿನಗೆ ಕಾಣ್ತೈತೋ ಇಲ್ವೋ."

ಅವಳು ಕೈಯಲ್ಲಿದ್ದ ಪಟ್ಟಿಯನ್ನೊಮ್ಮೆ, ನನ್ನ ಮುಖವನ್ನೊಮ್ಮೆ ನೋಡಿದಳು. ಸಿಟ್ಟು ಬಂದಿತ್ತು. ಬರಬೇಕಾದ್ದೇ. "ಇಷ್ಟು ವರ್ಷ ಊರಿಗೆಲ್ಲ ಹೇಳ್ತಿದ್ದೆಯಲ್ಲಜ್ಜಾ," ಎಂದಳು.

"ಹೇಳ್ತಿದ್ದೆ."

ಬುಡೇನ್ ಸಾಬ್ ಹಾರ್ನ್ ಹೊಡೆದ. "ಅಕ್ಕಾ, ಹತ್ತು. ಮುದುಕನ್ನ ನಾಳೆ ಬರ್ತಾ ಎತ್ತಿಕೊಂಡು ಬರ್ತೀನಿ. ಅಲ್ಲೇ ಕುರಿ ಹಟ್ಟಿ ಐತೆ, ರೊಟ್ಟಿ ಸಿಗ್ತದೆ. ಈತನ್ನ ಯಾರೂ ಕದಿಯಲ್ಲ."

ಅವಳು ತನ್ನ ನೀರಿನ ಬಾಟಲಿ ತಂದು ನನ್ನ ಪಕ್ಕ ಇಟ್ಟಳು. ತಲೆಯ ಮೇಲೆ ಟವಲು ಹಾಕಿಕೋ ಎಂದಳು, ನಾನು ಹಾಕಿಕೊಳ್ಳುವವರೆಗೂ ನಿಂತಳು. ಆಮೇಲೆ ಹತ್ತಿದಳು. ಎರಡು ಗಂಟೆಗೆ ಇನ್ನೂ ಐದು ನಿಮಿಷವಿತ್ತು. ಜೀಪು ತಿರುವಿನಲ್ಲಿ ಮರೆಯಾಯಿತು.

ನಾನು ಮುಂದಕ್ಕೆ ನೋಡಲಿಲ್ಲ. ಹಿಂದಕ್ಕೆ ತಿರುಗಿ, ನಾವು ಬಂದ ಕಡೆಗೆ ಮುಖ ಮಾಡಿ ಕೂತೆ. ಸಿಕ್ಕಿಕೊಂಡ ಗಾಡಿ ಮತ್ತೆ ಆ ಕಡೆಯಿಂದಲೇ ಬರಬೇಕು. ನಾನು ಹೇಳಿದ್ದು ತಪ್ಪಾಗಿದ್ದರೆ, ತಪ್ಪು ನನ್ನದಲ್ಲದೆ ಬೇರೆಯವರದಾಗಿದ್ದರೆ, ಈಗ ಬುಡೇನ್ ಸಾಬನ ಜೀಪಿನ ಸದ್ದು ಊರ ಕಡೆಯಿಂದ ಕೇಳಬೇಕು. ಮೈಯೆಲ್ಲ ಕಿವಿ ಮಾಡಿಕೊಂಡು ಕೂತೆ. ಒಂದು ಸದ್ದು ಬಂತು. ಎದ್ದು ನಿಂತೆ. ಜೀಪಲ್ಲ, ಮದುವೆ ದಿಬ್ಬಣದ ಬಸ್ಸು. ಅಡಿಕೆ ಹೊಂಬಾಳೆ ಕಟ್ಟಿತ್ತು.

"ಅಜ್ಜಾ, ಇದು ಎಷ್ಟನೇ ಕಲ್ಲು?" ಎಂದು ಕ್ಲೀನರ್ ಕೇಳಿದ.

"ನೂರ ಹನ್ನೆರಡು."

ಬಸ್ಸು ಹೋಯಿತು. ಸ್ವಲ್ಪ ಹೊತ್ತಿಗೆ ಊರ ಕಡೆಯಿಂದ ಅದೇ ಬಸ್ಸು ಬಂತು.

"ಏನಜ್ಜಾ, ಇನ್ನೂ ಇಲ್ಲೇ ಇದ್ದೀಯ?"

"ನೀನೂ ಇಲ್ಲೇ ಇದ್ದೀಯಲ್ಲಪ್ಪಾ," ಎಂದೆ.

ಇಷ್ಟು ವರ್ಷ ಈ ದಾರಿಯ ಮೇಲೆ ತಲೆ ಬಗ್ಗಿಸಿ ಸುಣ್ಣ ಬಳಿಯುತ್ತಿದ್ದವನು, ಸಿಕ್ಕಿಕೊಂಡವರನ್ನು ಹೊರಗೆ ಕೂತು ನೋಡಿದ್ದು ಅದೇ ಮೊದಲು. ಮುಂದಿನ ತಿರುವಿಗೆ ಹೋದ ಬಸ್ಸು ಹಿಂದಿನ ದಿಬ್ಬದಿಂದ ಹೇಗೆ ಇಳಿದು ಬರುತ್ತದೆ? ಮೂರನೆಯ ಸಲಕ್ಕೆ ನಾನು ಎದ್ದು ಹೋಗಿ ನಡುವೆ ನಿಂತು ಎರಡೂ ಕಡೆ ನೋಡಿದೆ. ಈ ಕಡೆ ಸದ್ದು ನಿಂತ ಕೂಡಲೇ ಆ ಕಡೆ ಸದ್ದು ಶುರುವಾಯಿತು. ಧೂಳು ಕೂಡ ಹಾಗೆಯೇ, ಇಲ್ಲಿ ಅಡಗಿದ್ದು ಅಲ್ಲಿ ಏಳುತ್ತಿತ್ತು. ಬಾಯಿ ತೆರೆದುಕೊಂಡು ನೋಡಿದೆ. ನಾಲ್ಕನೆಯ ಸಲಕ್ಕೆ ಬಸ್ಸು ನಿಂತಿತು. ಜನ ಇಳಿದರು. ಗಂಡಿನ ಸೋದರಮಾವನಿಗೆ ಹಿಂದಿನ ಸೀಟು ಕೊಟ್ಟದ್ದು ಯಾರು ಎಂದು ಜಗಳ ಹತ್ತಿತು. ಬೀಗರು ಬೀಗರಿಗೆ ಅನ್ನಬಾರದ್ದನ್ನೆಲ್ಲ ಅಂದರು. ಅಷ್ಟು ಮನಸ್ಸಿಟ್ಟು ಮಾಡಿದ ಜಗಳವನ್ನು ನಾನು ಕಂಡಿಲ್ಲ. ಮದುಮಗಳು ಕೂಡ ಇಳಿದು ಬಂದು ಎರಡು ಮಾತು ಸೇರಿಸಿದಳು. ಅರ್ಧ ಗಂಟೆಯಾದ ಮೇಲೆ ಬೆವರೊರೆಸಿಕೊಂಡು ಹತ್ತಿದರು, ಬಸ್ಸು ಹೋಯಿತು, ಮತ್ತೆ ಬರಲೇ ಇಲ್ಲ. ಜಗಳವನ್ನೂ ದಾರಿ ಒಪ್ಪಿಕೊಳ್ಳುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

ಜೀಪು ಬಂದಿರಲಿಲ್ಲ. ಬಿಸಿಲು ಇಳಿಮುಖವಾಗಿ ನನ್ನ ನೆರಳು ಕಲ್ಲಿಗಿಂತ ಉದ್ದವಾದಾಗ, ಇನ್ನು ಅದು ಊರ ಕಡೆಯಿಂದ ಬರುವುದಿಲ್ಲ ಎಂದು ನಂಬಿಕೆ ಬಂತು. ಎದ್ದು ತಿರುವಿನ ಕಡೆ ನಡೆದೆ. ನಡೆಯುವವನಿಗೆ ಅಡ್ಡಿಯಿಲ್ಲ. ಗ್ಯಾಂಗಿನಲ್ಲಿದ್ದಾಗ ಕುಂಚ ತೊಳೆದ ಮೇಲೆ ಒಂದು ಸಲವಾದರೂ ಹೀಗೆ ನಡೆದು ಹೋಗಬಹುದಿತ್ತು. ಅದು ನಮ್ಮ ಕೆಲಸವಲ್ಲ ಎಂದು ಹೋಗಲಿಲ್ಲ. ಒಂದು ಕಿಲೋಮೀಟರಿಗೆ ನನ್ನ ಕಾಲಿಗೆ ಮುಕ್ಕಾಲು ಗಂಟೆ ಹಿಡಿಯಿತು. ನೂರ ಹದಿಮೂರರ ಕಲ್ಲು ಒಂದು ಜಾಲಿಯ ಪಕ್ಕದಲ್ಲಿತ್ತು. ಬರೆದವನು ಯಾರೋ, ಮೂರರ ಹೊಟ್ಟೆಯನ್ನು ನನಗಿಂತ ದುಂಡಗೆ ತಿರುವಿದ್ದ. ಸುಣ್ಣವನ್ನು ಬುಡದವರೆಗೂ ಬಳಿದಿದ್ದ. ನಾನು ಬುಡದಲ್ಲಿ ಎರಡು ಬೆರಳು ಬಿಡುತ್ತಿದ್ದೆ, ಮಳೆಗೆ ಹೇಗೂ ಕೆಸರು ಹಾರುತ್ತದೆ ಎಂದು. ಕೂತು ಆ ಅಂಕಿಯ ಮೇಲೆ ಬೆರಳಾಡಿಸಿದೆ. ಎಷ್ಟು ಹೊತ್ತು ಕೂತಿದ್ದೆನೋ, ಕುರಿ ಹೊಡೆದುಕೊಂಡು ಬಂದ ಹಟ್ಟಿಯವರು ಎಬ್ಬಿಸಿ ಕರೆದುಕೊಂಡು ಹೋದರು.

ಶುಕ್ರವಾರ ಬೆಳಿಗ್ಗೆ ಬುಡೇನ್ ಸಾಬ್ ಬಂದ. ಜೀಪಿನಲ್ಲಿ ಪೆಟ್ಟಿಗೆ ಇರಲಿಲ್ಲ. ಅದನ್ನು ನೋಡಿಯೇ ಅರ್ಧ ತಿಳಿಯಿತು, ಉಳಿದರ್ಧಕ್ಕೆ ಅವನು ಬೀಡಿ ಹಚ್ಚುವವರೆಗೂ ಕಾಯಬೇಕಾಯಿತು.

"ನಾಕೂ ಮುಕ್ಕಾಲಕ್ಕೆ ಸಹಿ ಹಾಕಿದಳು," ಎಂದ. "ಅಲ್ಲಿನ ಡಾಕ್ಟ್ರು ಪುಸ್ತಕ ಮುಚ್ಚಿ ಬೀರುಗೆ ಇಡ್ತಿದ್ರು. ಆಕೆ ಬಾಗ್ಲಲ್ಲೇ ನಿಂತು ತೆಗೀರಿ ಸಾರ್ ಅಂದಳು. ನೋಡ್ಬೇಕಿತ್ತು ನೀನು, ಏನು ದನಿ."

"ಹಲಸಿನ ತೋಪಲ್ಲಿ ನಿಂತ್ರಾ?"

"ತೋಪೂ ಇಲ್ಲ, ಸೊಪ್ಪೂ ಇಲ್ಲ. ಅದನ್ನ ಯಾವಾಗ್ಲೋ ಕಡಿದವ್ರೆ. ನೂರ ಮೂವತ್ತರ ಹತ್ರ ಒಂದು ಹೊಂಗೆ ಮರ ಬಂತು. ನಿಲ್ಸಣ್ಣಾ ಅಂದಳು. ಇಳಿದು, ಸೆರಗು ಹಾಸಿ, ಮಲಗಿಬಿಟ್ಟಳು. ಟೈಮ್ ಎರಡೂ ಕಾಲು, ಅಜ್ಜಾ. ನನಗೆ ಎದೆ ಒಡೆದಂಗಾಯ್ತು. ಎಬ್ಬಿಸೋಣ ಅಂತ ಹೋದ್ರೆ ಗೊರಕೆ. ಹನ್ನೊಂದು ವರ್ಷದಲ್ಲಿ ಹಗಲು ಹೊತ್ತು ಮಲಗಿದ್ದು ಅದೇ ಮೊದಲಂತೆ. ನಾನೇನು ಮಾಡ್ಲಿ, ಜೀಪಿನ ನೆರಳಲ್ಲಿ ನಾನೂ ಕಾಲು ಚಾಚಿದೆ. ಎದ್ದು ಗಾಡಿ ಹತ್ತಿದ್ರೆ ಒಂದಾದ ಮೇಲೆ ಒಂದು ಕಲ್ಲು, ಎಲ್ಲೂ ತಡೀಲಿಲ್ಲ. ಕಡವು ಸಿಗೋ ಮೊದ್ಲು ಇನ್ನೊಂದು ಕಡೆ ನಿಂತ್ವಿ. ಅದು ನಂದು."

"ಏನಿತ್ತು ಅಲ್ಲಿ?"

"ಅದು ನಂದು ಅಂದೆನಲ್ಲ."

ನಾನು ಜೀಪು ಹತ್ತಿದೆ. ಹಿಂದಕ್ಕೆ ಬರುವ ದಾರಿ, ಎರಡು ಗಂಟೆಯಲ್ಲಿ ಊರು ಸೇರಿದೆವು.

ಮುಂದಿನ ವಾರ ಮರುಳಪ್ಪ ಹೆಂಡತಿಯನ್ನು ಕರೆದುಕೊಂಡು ನನ್ನ ಜಗಲಿಗೆ ಬಂದ. ತುದಿಯೂರಿಗೆ ಹೋಗಿ ಹಾಲಮ್ಮನನ್ನು ಕರೆತರಬೇಕು, ಮನೆ ನಡೆಯುತ್ತಿಲ್ಲ, ಎಲ್ಲೆಲ್ಲಿ ನಿಲ್ಲಬೇಕು ಹೇಳು ಎಂದ. ನನಗೆ ಗೊತ್ತಿಲ್ಲ ಎಂದೆ. ಅವನು ನಂಬಲಿಲ್ಲ. ಊರಲ್ಲಿ ಯಾರೂ ನಂಬಲಿಲ್ಲ. ಮುದುಕನಿಗೆ ಸೊಕ್ಕು ಬಂದಿದೆ ಎಂದು ಮಾತಾಡಿಕೊಂಡರು. ಗಂಡಹೆಂಡತಿ ಹೊಟ್ಟೆ ತುಂಬ ಉಂಡು, ಬುತ್ತಿ ಕಟ್ಟಿಕೊಂಡು, ಗಾಡಿ ಮಾಡಿಕೊಂಡು ಹೊರಟು, ಹದಿನೆಂಟರ ಕಲ್ಲನ್ನು ಎಷ್ಟು ಸಲ ನೋಡಿದರೋ ಎಣಿಸಿದವರಿಲ್ಲ, ಸಂಜೆಗೆ ಮನೆಗೆ ಬಂದರು. ಈಗ ಆ ಮನೆಯಲ್ಲಿ ಮರುಳಪ್ಪನೇ ಹಿಟ್ಟು ನಾದುತ್ತಾನೆ.

ತುದಿಯೂರಿಂದ ಬರುವ ಲಾರಿಯವರ ಕೈಯಲ್ಲಿ ಹಾಲಮ್ಮ ನನಗೆ ಮಂಡಿನೋವಿಗೆ ಎಣ್ಣೆ ಕಳಿಸುತ್ತಾಳೆ. ಸೀಸೆಯ ಮೇಲೆ ಚೀಟಿ ಅಂಟಿಸಿರುತ್ತಾಳೆ. ನನಗೆ ಓದಲು ಬಾರದೆಂದು ಎಷ್ಟು ಸಲ ಹಚ್ಚಬೇಕೋ ಅಷ್ಟು ಗೆರೆ ಎಳೆದಿರುತ್ತಾಳೆ. ಬರುವ ದಾರಿಗೆ ಯಾವ ತಡೆಯೂ ಇಲ್ಲ, ಬೇಕೆಂದರೆ ಮಧ್ಯಾಹ್ನ ಹೊರಟು ಸಂಜೆಗೆ ಊರು ಮುಟ್ಟಬಹುದು. ಅವಳು ಬಂದಿಲ್ಲ. ಆ ಗುರುವಾರ ಊರು ಬಿಟ್ಟವಳು ಅಲ್ಲಿ ಮನಸ್ಸಿಟ್ಟು ನಿಂತಿದ್ದಾಳೆ.